ಗರ್ಭಕಂಠದ ಕ್ಯಾನ್ಸರ್: ಎರಡು ಕಂತೋ, ನಾಲ್ಕು ಕಂತೋ? ವಿಕಿರಣ ಚಿಕಿತ್ಸೆಯ ಲೆಕ್ಕಾಚಾರ

ದಾವಣಗೆರೆ: ಕಾಯಿಲೆ ಒಂದೇ, ಹಂತವೂ ಒಂದೇ. ಆದರೆ ಒಂದು ಆಸ್ಪತ್ರೆಯ ಚೀಟಿಯಲ್ಲಿ ‘ಹೊರಗಿನಿಂದ 25 ದಿನ, ಒಳಗಿನಿಂದ ನಾಲ್ಕು ಬಾರಿ’ ಎಂದಿರುತ್ತದೆ. ಇನ್ನೊಂದು ಆಸ್ಪತ್ರೆಯ ಚೀಟಿಯಲ್ಲಿ ‘ಹೊರಗಿನಿಂದ 23 ದಿನ, ಒಳಗಿನಿಂದ ಎರಡು ಬಾರಿ’ ಎಂದಿರುತ್ತದೆ. ಗರ್ಭಕಂಠದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುವ ಮಹಿಳೆಯರ ಕುಟುಂಬಗಳಲ್ಲಿ ಈ ವ್ಯತ್ಯಾಸ ಸಹಜವಾಗಿಯೇ ಗೊಂದಲ ಹುಟ್ಟಿಸುತ್ತದೆ. ಕಡಿಮೆ ಬಾರಿ ಕೊಟ್ಟರೆ ಚಿಕಿತ್ಸೆ ಅಪೂರ್ಣವೇ? ಹೆಚ್ಚು ಬಾರಿ ಕೊಟ್ಟರೆ ದೇಹಕ್ಕೆ ಹಾನಿಯೇ? ಹತ್ತಿರದ ಆಸ್ಪತ್ರೆ ಬಿಟ್ಟು ದೂರದ ಊರಿಗೆ ಹೋಗುವುದು ಅಗತ್ಯವೇ?

ಹರಿಹರ ತಾಲ್ಲೂಕಿನ ಕೊಕ್ಕನೂರಿನಂಥ ಗ್ರಾಮದ ಮಹಿಳೆಗೆ ಈ ಪ್ರಶ್ನೆಗಳು ಕೇವಲ ವೈದ್ಯಕೀಯ ಪ್ರಶ್ನೆಗಳಲ್ಲ. ಒಂದೊಂದು ಕಂತೂ ಒಂದು ದಿನದ ಕೂಲಿ, ಎರಡು ಬಸ್ ಪ್ರಯಾಣ, ಜೊತೆಗೆ ಬರುವವರ ಇನ್ನೊಂದು ದಿನದ ಕೂಲಿಯನ್ನು ಬೇಡುತ್ತದೆ. ವೇಳಾಪಟ್ಟಿ ಹೇಗೆ ನಿಗದಿಯಾಗುತ್ತದೆ, ಯಾವುದನ್ನು ಬದಲಿಸಬಹುದು, ಯಾವುದನ್ನು ಬದಲಿಸಲೇಬಾರದು ಎಂಬುದನ್ನು ತಿಳಿದಿದ್ದರೆ ಅರ್ಧದಲ್ಲೇ ಚಿಕಿತ್ಸೆ ಬಿಡುವ ಪ್ರಸಂಗಗಳನ್ನು ತಪ್ಪಿಸಬಹುದು.

ಎಷ್ಟು ದೊಡ್ಡ ಸಮಸ್ಯೆ?

ಭಾರತೀಯ ಮಹಿಳೆಯರನ್ನು ಕಾಡುವ ಕ್ಯಾನ್ಸರ್‌ಗಳಲ್ಲಿ ಸ್ತನ ಕ್ಯಾನ್ಸರ್ ಮೊದಲ ಸ್ಥಾನದಲ್ಲಿದ್ದರೆ ಗರ್ಭಕಂಠದ ಕ್ಯಾನ್ಸರ್ ಎರಡನೆಯದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ‘ಗ್ಲೋಬೊಕಾನ್’ ಅಂದಾಜಿನ ಪ್ರಕಾರ 2022ರಲ್ಲಿ ದೇಶದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಈ ರೋಗ ಹೊಸದಾಗಿ ಪತ್ತೆಯಾಯಿತು; ಸುಮಾರು 80 ಸಾವಿರ ಮಹಿಳೆಯರು ಸಾವನ್ನಪ್ಪಿದರು.

ಗರ್ಭಕೋಶದ ಕೆಳತುದಿಯಲ್ಲಿ, ಯೋನಿಗೆ ತೆರೆದುಕೊಳ್ಳುವ ಭಾಗವೇ ಗರ್ಭಕಂಠ. ಗಡ್ಡೆ ಗರ್ಭಕಂಠದಲ್ಲಿ ಮಾತ್ರವಿದ್ದು ಚಿಕ್ಕದಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕಬಹುದು. ಗಡ್ಡೆ 4 ಸೆಂಟಿಮೀಟರ್ ಮೀರಿದ್ದರೆ ಅಥವಾ ಪಕ್ಕದ ಅಂಗಾಂಶ, ಕಿಬ್ಬೊಟ್ಟೆಯ ಗೋಡೆ, ದುಗ್ಧಗ್ರಂಥಿಗಳಿಗೆ ಹರಡಿದ್ದರೆ ವಿಕಿರಣ ಚಿಕಿತ್ಸೆಯೇ ಮುಖ್ಯ ಆಯುಧ. ಮುಟ್ಟು ನಿಂತ ಮೇಲೆ ರಕ್ತಸ್ರಾವ, ಲೈಂಗಿಕ ಸಂಪರ್ಕದ ನಂತರ ರಕ್ತ, ದುರ್ವಾಸನೆಯ ಬಿಳಿಸೆರಗು ಮುಂತಾದ ಲಕ್ಷಣಗಳನ್ನು ಸಂಕೋಚದಿಂದ ಮುಚ್ಚಿಡುವ ಕಾರಣ ನಮ್ಮಲ್ಲಿ ಅನೇಕ ಮಹಿಳೆಯರು ಆಸ್ಪತ್ರೆಗೆ ಬರುವ ವೇಳೆಗೆ ರೋಗ ಈ ಮುಂದುವರಿದ ಹಂತ ತಲುಪಿರುತ್ತದೆ.

‘ಮೊದಲು ಗರ್ಭಕೋಶ ತೆಗೆಸಿಬಿಡೋಣ, ಆಮೇಲೆ ನೋಡೋಣ’ ಎಂಬ ಮಾತು ಹಳ್ಳಿಗಳಲ್ಲಿ ಸಾಮಾನ್ಯ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 633 ಮಹಿಳೆಯರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ನೀಡಿದೆ. ಕಿಮೊಥೆರಪಿ ಕೊಟ್ಟು ನಂತರ ಶಸ್ತ್ರಚಿಕಿತ್ಸೆ ಮಾಡಿದವರಲ್ಲಿ ಐದು ವರ್ಷಗಳ ನಂತರ ರೋಗಮುಕ್ತರಾಗಿ ಉಳಿದವರು ಶೇ 69.3. ನೇರವಾಗಿ ಕಿಮೊಥೆರಪಿ ಸಹಿತ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ಶೇ 76.7. ಹೀಗಾಗಿ ದೊಡ್ಡ ಗಡ್ಡೆಗೆ ಶಸ್ತ್ರಚಿಕಿತ್ಸೆ ಮಾಡದಿರುವುದು ವೈದ್ಯರು ‘ಕೈಬಿಟ್ಟ’ ಸೂಚನೆ ಅಲ್ಲ. ಉತ್ತಮ ದಾರಿ ಹಿಡಿದ ಸೂಚನೆ.

‘ಕರೆಂಟ್’ ಅಲ್ಲ, ವಿಕಿರಣ

ಜನರ ಬಾಯಲ್ಲಿ ಈ ಚಿಕಿತ್ಸೆಯ ಹೆಸರು ‘ಕರೆಂಟ್ ಕೊಡುವುದು’. ವಾಸ್ತವದಲ್ಲಿ ಇಲ್ಲಿ ವಿದ್ಯುತ್ ಹಾಯಿಸುವುದಿಲ್ಲ. ಹೆಚ್ಚು ಶಕ್ತಿಯ ಕ್ಷ-ಕಿರಣ ಅಥವಾ ಗಾಮಾ ಕಿರಣಗಳು ಜೀವಕೋಶಗಳ ಡಿಎನ್‌ಎ ಎಳೆಗಳನ್ನು ತುಂಡರಿಸುತ್ತವೆ. ತುಂಡಾದ ಎಳೆಯನ್ನು ಸರಿಪಡಿಸಿಕೊಳ್ಳುವ ಸಾಮರ್ಥ್ಯ ಆರೋಗ್ಯವಂತ ಕೋಶಗಳಲ್ಲಿ ಚೆನ್ನಾಗಿರುತ್ತದೆ, ಕ್ಯಾನ್ಸರ್ ಕೋಶಗಳಲ್ಲಿ ಕುಂದಿರುತ್ತದೆ. ಈ ವ್ಯತ್ಯಾಸವೇ ಇಡೀ ಚಿಕಿತ್ಸೆಯ ತಳಹದಿ.

ಒಂದೇ ದಿನ ಪೂರ್ಣ ಪ್ರಮಾಣ ಕೊಟ್ಟರೆ ಗಡ್ಡೆಯ ಜೊತೆಗೆ ಸುತ್ತಲಿನ ಅಂಗಗಳೂ ಹಾಳಾಗುತ್ತವೆ. ಪ್ರಮಾಣವನ್ನು ಸಣ್ಣ ಕಂತುಗಳಾಗಿ ಒಡೆದರೆ ಪ್ರತಿ ಎರಡು ಕಂತುಗಳ ನಡುವೆ ಆರೋಗ್ಯವಂತ ಕೋಶಗಳು ಚೇತರಿಸಿಕೊಳ್ಳುತ್ತವೆ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಪ್ಯಾರಿಸ್‌ನ ಕ್ಲಾಡ್ ರೆಗೊ ಟಗರುಗಳ ಮೇಲೆ ನಡೆಸಿದ ಪ್ರಯೋಗಗಳು ಈ ತತ್ವಕ್ಕೆ ದಾರಿ ತೋರಿದವು. ಟಗರಿನ ವೃಷಣಗಳಿಗೆ ಒಂದೇ ಬಾರಿ ವಿಕಿರಣ ಕೊಟ್ಟರೆ ಚರ್ಮ ಸುಡದೆ ಸಂತಾನಶಕ್ತಿ ಹರಣ ಸಾಧ್ಯವಾಗಲಿಲ್ಲ. ಕಂತುಗಳಲ್ಲಿ ಕೊಟ್ಟಾಗ ಸಾಧ್ಯವಾಯಿತು. ವೇಗವಾಗಿ ವಿಭಜಿಸುವ ಕೋಶಗಳನ್ನು ಕೊಲ್ಲಲು, ಚರ್ಮವನ್ನು ಉಳಿಸಲು ಕಂತುಗಳೇ ಸೂಕ್ತ ಎಂಬ ಪಾಠ ಅಲ್ಲಿಂದ ಬಂತು.

ವಿಕಿರಣದ ಅಳತೆಮಾನದ ಹೆಸರು ‘ಗ್ರೇ’. ಒಂದು ಕಿಲೋಗ್ರಾಂ ಅಂಗಾಂಶ ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ಬ್ರಿಟನ್ನಿನ ಭೌತವಿಜ್ಞಾನಿ ಲೂಯಿಸ್ ಹೆರಾಲ್ಡ್ ಗ್ರೇ ಅವರ ನೆನಪಿಗೆ ಈ ಹೆಸರು.

ಮೊದಲ ಭಾಗ: ಹೊರ ವಿಕಿರಣ

ಗರ್ಭಕಂಠದ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಎರಡು ಭಾಗಗಳಲ್ಲಿ ನಡೆಯುತ್ತದೆ. ಮೊದಲನೆಯದು ಹೊರಗಿನ ಯಂತ್ರದಿಂದ ಇಡೀ ಕಿಬ್ಬೊಟ್ಟೆಗೆ ಕೊಡುವ ವಿಕಿರಣ. ಯಂತ್ರ ಕೋಬಾಲ್ಟ್ ಆಗಿರಬಹುದು ಅಥವಾ ಲೀನಿಯರ್ ಆಕ್ಸಲರೇಟರ್ ಆಗಿರಬಹುದು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಕಂತು. ಯಂತ್ರದಡಿ ಮಲಗಬೇಕಾದ್ದು ಕೆಲವೇ ನಿಮಿಷ; ನೋವಿರುವುದಿಲ್ಲ.

ರೂಢಿಯಲ್ಲಿರುವ ಮುಖ್ಯ ವೇಳಾಪಟ್ಟಿಗಳು ಹೀಗಿವೆ:

* 45 ಗ್ರೇ – 25 ಕಂತು (ಕಂತಿಗೆ 1.8 ಗ್ರೇ), ಐದು ವಾರ
* 46 ಗ್ರೇ – 23 ಕಂತು (ಕಂತಿಗೆ 2 ಗ್ರೇ), ಐದು ವಾರಕ್ಕೆ ಎರಡು ದಿನ ಕಡಿಮೆ
* 50 ಗ್ರೇ – 25 ಕಂತು (ಕಂತಿಗೆ 2 ಗ್ರೇ), ಐದು ವಾರ
* 50.4 ಗ್ರೇ – 28 ಕಂತು (ಕಂತಿಗೆ 1.8 ಗ್ರೇ), ಐದೂವರೆ ವಾರ

ಇವುಗಳ ನಡುವಿನ ವ್ಯತ್ಯಾಸ ಮೇಲುನೋಟಕ್ಕೆ ಕಾಣುವಷ್ಟು ದೊಡ್ಡದಲ್ಲ. ಹೊರಗಿನಿಂದ ಸ್ವಲ್ಪ ಕಡಿಮೆ ಕೊಟ್ಟರೆ ಮೂತ್ರಕೋಶ, ಗುದನಾಳಗಳ ಮೇಲಿನ ಹೊರೆ ತಗ್ಗುತ್ತದೆ. ಆ ಉಳಿತಾಯವನ್ನು ಎರಡನೇ ಭಾಗದಲ್ಲಿ ಗಡ್ಡೆಯ ಮೇಲೆಯೇ ಬಳಸಿಕೊಳ್ಳಬಹುದು. ಆಧುನಿಕ ಬ್ರೇಕಿಥೆರಪಿ ಸೌಲಭ್ಯವುಳ್ಳ ಕೇಂದ್ರಗಳು 45 ಗ್ರೇ ಕಡೆಗೆ ವಾಲಿರುವುದು ಇದೇ ಕಾರಣಕ್ಕೆ.

ಎರಡನೇ ಭಾಗ: ಒಳ ವಿಕಿರಣ

ಹೊರ ವಿಕಿರಣದಿಂದ ಗಡ್ಡೆ ಕುಗ್ಗುತ್ತದೆ, ರಕ್ತಸ್ರಾವ ನಿಲ್ಲುತ್ತದೆ. ಅನೇಕರು ‘ಗುಣವಾಯಿತು’ ಎಂದು ಮನೆಗೆ ಮರಳಿಬಿಡುವುದು ಇದೇ ಘಟ್ಟದಲ್ಲಿ. ಆದರೆ ಮುಂದುವರಿದ ಗರ್ಭಕಂಠದ ಗಡ್ಡೆಯನ್ನು ನಿರ್ಮೂಲ ಮಾಡಲು 80ರಿಂದ 90 ಗ್ರೇಗೆ ಸಮನಾದ ಪ್ರಮಾಣ ಬೇಕು. ಅಷ್ಟನ್ನು ಹೊರಗಿನಿಂದ ಕೊಟ್ಟರೆ ಕರುಳು ತಡೆಯುವುದಿಲ್ಲ. ಉಳಿದ ಪ್ರಮಾಣವನ್ನು ಗಡ್ಡೆಯ ಒಡಲಿಗೇ ತಲುಪಿಸುವ ವಿಧಾನವೇ ಬ್ರೇಕಿಥೆರಪಿ. ಅರಿವಳಿಕೆ ಕೊಟ್ಟು ಗರ್ಭಕೋಶದೊಳಗೆ ಒಂದು ಸಣ್ಣ ನಳಿಕೆ, ಗರ್ಭಕಂಠದ ಪಕ್ಕದಲ್ಲಿ ಉಂಗುರ ಅಥವಾ ಎರಡು ಗುಂಡಿನಂಥ ಸಾಧನಗಳನ್ನು ಇರಿಸಿ, ಅವುಗಳ ಮೂಲಕ ವಿಕಿರಣ ಮೂಲವನ್ನು ಒಳಗೆ ಕಳಿಸಲಾಗುತ್ತದೆ. ಮೂಲದಿಂದ ದೂರ ಸರಿದಂತೆ ವಿಕಿರಣದ ತೀವ್ರತೆ ಬಹುಬೇಗ ಇಳಿಯುವುದರಿಂದ ಗಡ್ಡೆಗೆ ಹೆಚ್ಚು, ಪಕ್ಕದ ಅಂಗಗಳಿಗೆ ಕಡಿಮೆ ಪ್ರಮಾಣ ಸಿಗುತ್ತದೆ.

ವೇಳಾಪಟ್ಟಿಯ ವಾದ ಇಲ್ಲಿ ಹೊಸದಲ್ಲ. ಕ್ಯೂರಿ ದಂಪತಿ 1898ರಲ್ಲಿ ರೇಡಿಯಂ ಕಂಡುಹಿಡಿದ ಕೆಲವೇ ವರ್ಷಗಳಲ್ಲಿ ಅದನ್ನು ಗರ್ಭಕಂಠದ ಕ್ಯಾನ್ಸರ್‌ಗೆ ಬಳಸಲಾಯಿತು. ಸ್ಟಾಕ್‌ಹೋಮ್‌ನ ವೈದ್ಯರು ಹೆಚ್ಚು ರೇಡಿಯಂ ಇಟ್ಟು ಸುಮಾರು ಒಂದು ದಿನದ ಅವಧಿಯ ಎರಡು–ಮೂರು ಕಂತುಗಳನ್ನು ಕೊಡುತ್ತಿದ್ದರು. ಪ್ಯಾರಿಸ್‌ನವರು ಕಡಿಮೆ ರೇಡಿಯಂ ಇಟ್ಟು ಹಲವು ದಿನ ಒಂದೇ ಸಮನೆ ಬಿಡುತ್ತಿದ್ದರು. ಎಷ್ಟು ಹೊತ್ತು ಇಟ್ಟರು ಎಂಬುದರ ಬದಲು ನಿರ್ದಿಷ್ಟ ಬಿಂದುವಿಗೆ ಎಷ್ಟು ಪ್ರಮಾಣ ತಲುಪಿತು ಎಂದು ಅಳೆಯುವ ಪದ್ಧತಿ 1938ರಲ್ಲಿ ಮ್ಯಾಂಚೆಸ್ಟರ್‌ನಿಂದ ಬಂತು. ಅಲ್ಲಿ ಗುರುತಿಸಿದ ‘ಎ ಬಿಂದು’ ಇಂದಿಗೂ ಬಳಕೆಯಲ್ಲಿದೆ.

ನಂತರ ರೇಡಿಯಂ ಜಾಗಕ್ಕೆ ಸೀಸಿಯಂ ಬಂತು. ಆಗಲೂ ಮಹಿಳೆ ಒಂದರಿಂದ ಮೂರು ದಿನ ಪ್ರತ್ಯೇಕ ಕೋಣೆಯಲ್ಲಿ ಮಗ್ಗುಲು ಬದಲಿಸದೆ ಮಲಗಿರಬೇಕಿತ್ತು. ಇಂದು ಬಹುತೇಕ ಕಡೆ ‘ಹೈ ಡೋಸ್ ರೇಟ್’ ಯಂತ್ರಗಳಿವೆ. ಇರಿಡಿಯಂ-192 ಅಥವಾ ಕೋಬಾಲ್ಟ್-60ರ ಅಕ್ಕಿಕಾಳಿನಷ್ಟು ಚಿಕ್ಕ ಮೂಲ ತಂತಿಯ ತುದಿಯಲ್ಲಿ ಒಳಹೋಗಿ ಸುಮಾರು ಹತ್ತು–ಇಪ್ಪತ್ತು ನಿಮಿಷಗಳಲ್ಲಿ ಕೆಲಸ ಮುಗಿಸಿ ಮರಳುತ್ತದೆ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆ 482 ಮಹಿಳೆಯರಲ್ಲಿ ಹಳೆಯ ಮತ್ತು ಹೊಸ ವಿಧಾನಗಳನ್ನು ಹೋಲಿಸಿ 1994ರಲ್ಲಿ ಫಲಿತಾಂಶ ಪ್ರಕಟಿಸಿತು. ಬದುಕುಳಿಯುವ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ರೋಗಿಗಳ ಸಂಖ್ಯೆ ದೊಡ್ಡದಿರುವ ನಮ್ಮಂಥ ದೇಶಕ್ಕೆ ಇದು ದೊಡ್ಡ ನೆಮ್ಮದಿ ನೀಡಿದ ಸಂಗತಿ.

ಎರಡೋ, ನಾಲ್ಕೋ?

ಹೊಸ ಯಂತ್ರದೊಂದಿಗೆ ಹೊಸ ಪ್ರಶ್ನೆಯೂ ಬಂತು. ನಿಮಿಷಗಳಲ್ಲಿ ಮುಗಿಯುವ ವಿಕಿರಣವನ್ನು ಎಷ್ಟು ಕಂತುಗಳಾಗಿ ಒಡೆಯಬೇಕು? ಯುರೋಪಿನ ಕೇಂದ್ರಗಳಲ್ಲಿ 7 ಗ್ರೇಯ ನಾಲ್ಕು ಕಂತು ಪ್ರಚಲಿತ. ಅಮೆರಿಕದಲ್ಲಿ 5.5 ಅಥವಾ 6 ಗ್ರೇಯ ಐದು ಕಂತು ಕೊಡುವವರಿದ್ದಾರೆ. ಭಾರತದಲ್ಲಿ 7 ಗ್ರೇಯ ಮೂರು ಅಥವಾ ನಾಲ್ಕು ಕಂತುಗಳ ಜೊತೆಗೆ 9 ಗ್ರೇಯ ಎರಡು ಕಂತುಗಳೂ ಬಳಕೆಯಲ್ಲಿವೆ. ಚಂಡೀಗಢದ ಅದೇ ಸಂಸ್ಥೆ 9 ಗ್ರೇಯ ಎರಡು ಕಂತುಗಳ ಅನುಭವವನ್ನು 2005ರಲ್ಲಿ ಪ್ರಕಟಿಸಿತ್ತು.

7 ಗ್ರೇಯ ನಾಲ್ಕು ಕಂತು ಎಂದರೆ 28; 9 ಗ್ರೇಯ ಎರಡು ಕಂತು ಎಂದರೆ 18. ಹಾಗೆಂದು ಈ ಎರಡು ಸಂಖ್ಯೆಗಳನ್ನು ನೇರವಾಗಿ ಹೋಲಿಸುವಂತಿಲ್ಲ. ಕಂತು ದೊಡ್ಡದಾದಷ್ಟೂ ಪ್ರತಿ ಗ್ರೇಯ ಹೊಡೆತ ಹೆಚ್ಚು. ಆದ್ದರಿಂದ ಎಲ್ಲ ವೇಳಾಪಟ್ಟಿಗಳನ್ನೂ ‘ಕಂತಿಗೆ 2 ಗ್ರೇಯಂತೆ ಕೊಟ್ಟಿದ್ದರೆ ಎಷ್ಟಾಗುತ್ತಿತ್ತು’ ಎಂಬ ಸಮಾನ ಅಳತೆಗೆ ತರಲಾಗುತ್ತದೆ. ಗಡ್ಡೆಯ ಲೆಕ್ಕಕ್ಕೆ ಸೂತ್ರ ಸರಳ: ಒಟ್ಟು ಪ್ರಮಾಣವನ್ನು, ಕಂತಿನ ಪ್ರಮಾಣಕ್ಕೆ 10 ಕೂಡಿಸಿ ಬಂದ ಸಂಖ್ಯೆಯಿಂದ ಗುಣಿಸಿ, 12ರಿಂದ ಭಾಗಿಸಬೇಕು.

ಈ ಸೂತ್ರದಂತೆ ಗಡ್ಡೆಗೆ ಸಿಗುವ ಸಮಾನ ಪ್ರಮಾಣ:

* 45 ಗ್ರೇ (25 ಕಂತು) + 7 ಗ್ರೇ × 4 = 44.3 + 39.7 = ಸುಮಾರು 84 ಗ್ರೇ
* 45 ಗ್ರೇ (25 ಕಂತು) + 6 ಗ್ರೇ × 5 = 44.3 + 40 = ಸುಮಾರು 84 ಗ್ರೇ
* 50 ಗ್ರೇ (25 ಕಂತು) + 7 ಗ್ರೇ × 3 = 50 + 29.8 = ಸುಮಾರು 80 ಗ್ರೇ
* 50 ಗ್ರೇ (25 ಕಂತು) + 9 ಗ್ರೇ × 2 = 50 + 28.5 = ಸುಮಾರು 78.5 ಗ್ರೇ
* 46 ಗ್ರೇ (23 ಕಂತು) + 9 ಗ್ರೇ × 2 = 46 + 28.5 = ಸುಮಾರು 74.5 ಗ್ರೇ

ಪಟ್ಟಿ ಎರಡು ಸಂಗತಿಗಳನ್ನು ಹೇಳುತ್ತದೆ. ನಾಲ್ಕು ಕಂತು ಮತ್ತು ಐದು ಕಂತುಗಳ ಪದ್ಧತಿಗಳು ಕಾಗದದ ಮೇಲೆ ಬೇರೆ ಬೇರೆಯಾಗಿದ್ದರೂ ಪರಿಣಾಮದಲ್ಲಿ ಒಂದೇ. ಎರಡು ಕಂತುಗಳ ಪದ್ಧತಿಯಲ್ಲಿ ಮಾತ್ರ ಒಟ್ಟು ಪ್ರಮಾಣ ಕೆಳಗಿಳಿಯುತ್ತದೆ. ಹೊರ ವಿಕಿರಣದ ನಂತರ ಗಡ್ಡೆ ಚೆನ್ನಾಗಿ ಕುಗ್ಗಿದ್ದರೆ ಇದು ಸಾಕಾಗಬಹುದು. ಗಡ್ಡೆ ಇನ್ನೂ ದೊಡ್ಡದಾಗಿದ್ದರೆ ಸಾಲದೆ ಹೋಗಬಹುದು.

ಹಾಗಾದರೆ ಎರಡೇ ಕಂತುಗಳಲ್ಲಿ ಇನ್ನಷ್ಟು ಹೆಚ್ಚು ಕೊಟ್ಟು 84 ಗ್ರೇ ಮುಟ್ಟಿಸಬಾರದೇಕೆ? ಉತ್ತರ ಪಕ್ಕದ ಅಂಗಗಳಲ್ಲಿದೆ. ಗುದನಾಳ, ಮೂತ್ರಕೋಶಗಳಂಥ ಅಂಗಗಳಲ್ಲಿ ವರ್ಷಗಳ ನಂತರ ಕಾಣಿಸಿಕೊಳ್ಳುವ ಹಾನಿಗೆ ಕಂತಿನ ಗಾತ್ರವೇ ಮುಖ್ಯ ಕಾರಣ. ಅವುಗಳ ಸೂತ್ರದಲ್ಲಿ 10ರ ಬದಲು 3, 12ರ ಬದಲು 5 ಬಳಸಲಾಗುತ್ತದೆ. ಒಂದು ಉದಾಹರಣೆ ನೋಡಬಹುದು. ಗಡ್ಡೆಗೆ ನಿಗದಿಯಾದ ಪ್ರಮಾಣದ ಶೇ 70ರಷ್ಟು ಗುದನಾಳಕ್ಕೆ ತಲುಪುತ್ತದೆ ಎಂದುಕೊಳ್ಳೋಣ. 7 ಗ್ರೇಯ ನಾಲ್ಕು ಕಂತುಗಳಲ್ಲಿ ಗುದನಾಳಕ್ಕೆ ಬೀಳುವ ಸಮಾನ ಪ್ರಮಾಣ ಸುಮಾರು 31 ಗ್ರೇ. ಹೊರ ವಿಕಿರಣದ 43.2 ಸೇರಿದರೆ 74.2. ಅದೇ ಫಲವನ್ನು ಗಡ್ಡೆಯ ಮೇಲೆ ಎರಡೇ ಕಂತುಗಳಲ್ಲಿ ಸಾಧಿಸಬೇಕಾದರೆ ಕಂತಿಗೆ ಸುಮಾರು 11.2 ಗ್ರೇ ಕೊಡಬೇಕು. ಆಗ ಗುದನಾಳದ ಪಾಲು 34ಕ್ಕೆ, ಒಟ್ಟು 77.2ಕ್ಕೆ ಏರುತ್ತದೆ. ಗುದನಾಳದ ಅತಿ ಹೆಚ್ಚು ವಿಕಿರಣ ಬೀಳುವ 2 ಘನ ಸೆಂಟಿಮೀಟರ್ ಭಾಗಕ್ಕೆ ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡಿರುವ ಮಿತಿ 75 ಗ್ರೇ, ಮೂತ್ರಕೋಶಕ್ಕೆ 90. ಅಂದರೆ ಗಡ್ಡೆಗೆ ಬಿದ್ದದ್ದು ಅಷ್ಟೇ ಆದರೂ ಎರಡು ಕಂತುಗಳ ಲೆಕ್ಕ ಮಿತಿ ದಾಟಿತು, ನಾಲ್ಕು ಕಂತುಗಳ ಲೆಕ್ಕ ಮಿತಿಯೊಳಗೆ ಉಳಿಯಿತು. ಎರಡು ಕಂತುಗಳ ಪದ್ಧತಿ ಅನುಸರಿಸುವವರು 9 ಗ್ರೇ ಹತ್ತಿರ ನಿಲ್ಲುವುದು ಈ ಭಯದಿಂದಲೇ.

ಇದು ಸರಾಸರಿ ಲೆಕ್ಕವಷ್ಟೇ. ಎಂಆರ್‌ಐ ಅಥವಾ ಸಿ.ಟಿ. ಚಿತ್ರ ನೋಡಿಕೊಂಡು ಪ್ರತಿ ಮಹಿಳೆಯ ಗಡ್ಡೆಯ ಆಕಾರಕ್ಕೆ ತಕ್ಕಂತೆ ವಿಕಿರಣವನ್ನು ರೂಪಿಸಿದರೆ ಅಂಗಗಳ ಪಾಲು ಶೇ 70ಕ್ಕಿಂತ ಕೆಳಗೆ ಇಳಿಯಬಹುದು. ಭಾರತದ ಕೇಂದ್ರಗಳೂ ಭಾಗವಹಿಸಿದ್ದ ‘ಎಂಬ್ರೇಸ್’ ಎಂಬ ಬಹುರಾಷ್ಟ್ರೀಯ ಅಧ್ಯಯನದಲ್ಲಿ ಎಂಆರ್‌ಐ ಆಧರಿಸಿ ಹೀಗೆ ಚಿಕಿತ್ಸೆ ಪಡೆದ 1,300ಕ್ಕೂ ಹೆಚ್ಚು ಮಹಿಳೆಯರ ಪೈಕಿ ಶೇ 92ರಷ್ಟು ಮಂದಿಯಲ್ಲಿ ಐದು ವರ್ಷಗಳ ನಂತರವೂ ಗಡ್ಡೆ ಮೂಲಸ್ಥಾನದಲ್ಲಿ ಮರುಕಳಿಸಿರಲಿಲ್ಲ. ಈ ಫಲಿತಾಂಶ ಪ್ರಕಟವಾದದ್ದು 2021ರಲ್ಲಿ. ಕಂತುಗಳ ಸಂಖ್ಯೆಯಷ್ಟೇ, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚಾಗಿ, ಸಾಧನವನ್ನು ಸರಿಯಾದ ಜಾಗದಲ್ಲಿ ಇರಿಸುವ ಕೈಚಳಕ ಮುಖ್ಯ ಎಂಬುದನ್ನು ಇದು ತೋರಿಸುತ್ತದೆ.

ಎಂಟು ವಾರಗಳ ಗಡುವು

ಪ್ರಮಾಣದಷ್ಟೇ ಮುಖ್ಯವಾದ ಇನ್ನೊಂದು ಸಂಖ್ಯೆ 56. ಹೊರ ವಿಕಿರಣದ ಮೊದಲ ದಿನದಿಂದ ಒಳ ವಿಕಿರಣದ ಕೊನೆಯ ಕಂತಿನವರೆಗೆ ಎಲ್ಲವೂ ಎಂಟು ವಾರ, ಅಂದರೆ 56 ದಿನಗಳೊಳಗೆ ಮುಗಿಯಬೇಕು. ಚಿಕಿತ್ಸೆ ಆರಂಭವಾಗಿ ಕೆಲವು ವಾರಗಳಾದ ಮೇಲೆ ಉಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ಬೆಳೆಯತೊಡಗುತ್ತವೆ. ಗಡುವು ಮೀರಿದ ಪ್ರತಿ ದಿನಕ್ಕೆ ಗಡ್ಡೆಯನ್ನು ಹತೋಟಿಯಲ್ಲಿಡುವ ಸಾಧ್ಯತೆ ಶೇ 0.5ರಿಂದ 1ರಷ್ಟು ಕುಸಿಯುತ್ತದೆ ಎಂದು ಅಧ್ಯಯನಗಳು ತಿಳಿಸಿವೆ. ಎರಡು ವಾರ ತಡವಾದರೆ ಶೇ 7ರಿಂದ 14ರಷ್ಟು ನಷ್ಟ.

ಇಲ್ಲಿ ಎರಡು ಕಂತುಗಳ ಪದ್ಧತಿಗೆ ಅನುಕೂಲವಿದೆ. ಸೋಮವಾರ ಆರಂಭವಾದ 25 ಕಂತುಗಳ ಹೊರ ವಿಕಿರಣ 33ನೇ ದಿನ, ಐದನೇ ಶುಕ್ರವಾರ ಮುಗಿಯುತ್ತದೆ. ಮುಂದಿನ ಸೋಮವಾರದಿಂದ ವಾರಕ್ಕೊಂದರಂತೆ ಒಳ ವಿಕಿರಣ ಕೊಟ್ಟರೆ ಎರಡು ಕಂತು 43ನೇ ದಿನಕ್ಕೆ ಮುಗಿಯುತ್ತವೆ. ನಾಲ್ಕು ಕಂತಾದರೆ 36, 43, 50 ಮತ್ತು 57ನೇ ದಿನ. ಒಂದು ರಜೆಯೂ ಬಾರದೆ, ಯಂತ್ರವೂ ಕೆಡದೆ ಎಲ್ಲವೂ ಸರಿಯಾಗಿ ನಡೆದರೂ ಗಡುವು ಒಂದು ದಿನ ಮೀರಿತು. ಆದ್ದರಿಂದ ನಾಲ್ಕು ಕಂತು ಕೊಡುವ ಕೇಂದ್ರಗಳು ವಾರಕ್ಕೆರಡು ಕಂತು ಕೊಡುತ್ತವೆ, ಅಥವಾ ಹೊರ ವಿಕಿರಣದ ಕೊನೆಯ ವಾರದಲ್ಲೇ ಒಳ ವಿಕಿರಣ ಆರಂಭಿಸುತ್ತವೆ, ಅಥವಾ ಒಮ್ಮೆ ಇರಿಸಿದ ಸಾಧನವನ್ನು ತೆಗೆಯದೆ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಕಂತು ಮುಗಿಸುತ್ತವೆ. ಕೊನೆಯ ವಿಧಾನದಲ್ಲಿ ಅರಿವಳಿಕೆಯೂ ಎರಡೇ ಬಾರಿ ಸಾಕು. ವಾರಕ್ಕೆರಡರ ಲೆಕ್ಕದಲ್ಲಿ ನಾಲ್ಕೂ ಕಂತು 46ನೇ ದಿನಕ್ಕೆ ಮುಗಿಯುತ್ತವೆ.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ರೇಡಿಯಾಲಜಿಸ್ಟ್ಸ್ ಈ ಕ್ಯಾನ್ಸರನ್ನು ವಿಳಂಬ ಸಹಿಸದ ಮೊದಲ ವರ್ಗದಲ್ಲಿ ಇರಿಸಿದೆ. ಇಂಥ ರೋಗಿಗಳ ಚಿಕಿತ್ಸೆ ನಿಗದಿತ ಅವಧಿಗಿಂತ ಎರಡು ದಿನಕ್ಕಿಂತ ಹೆಚ್ಚು ಲಂಬಿಸಬಾರದು ಎಂಬುದು ಅದರ ನಿಯಮ. ಹಬ್ಬದ ರಜೆ ಬಂದರೆ ಶನಿವಾರ ಕಂತು ಕೊಟ್ಟು, ಇಲ್ಲವೇ ಒಂದೇ ದಿನ ಆರು ಗಂಟೆ ಅಂತರದಲ್ಲಿ ಎರಡು ಕಂತು ಕೊಟ್ಟು ಸರಿದೂಗಿಸಬಹುದು. ತಪ್ಪಿದ ಕಂತನ್ನು ಕೊನೆಗೆ ಸೇರಿಸುವುದು ಸುಲಭದ ದಾರಿ. ಆದರೆ ಸರಿಯಾದ ದಾರಿಯಲ್ಲ.

ಕೊಕ್ಕನೂರಿನಿಂದ ನೋಡಿದಾಗ

ಹರಿಹರ ತಾಲ್ಲೂಕು ಭದ್ರಾ ನಾಲೆಯ ಅಚ್ಚುಕಟ್ಟು ಪ್ರದೇಶ. ಭತ್ತದ ನಾಟಿ, ಕಳೆ, ಕೊಯ್ಲುಗಳಲ್ಲಿ ಹೆಣ್ಣಾಳುಗಳದೇ ಮುಖ್ಯ ದುಡಿಮೆ. ಐದು ವಾರಗಳ ಹೊರ ವಿಕಿರಣ ಎಂದರೆ 25 ದಿನ ಹೋಗಿಬರುವ 50 ಪ್ರಯಾಣ. ನಾಟಿಯ ಕಾಲಕ್ಕೆ ‘ನಾಲ್ಕು ದಿನ ಬಿಟ್ಟು ಬರುತ್ತೇವೆ’ ಎನ್ನುವುದು ಮನೆಯವರಿಗೆ ಸಣ್ಣ ಮಾತು. ಗಡ್ಡೆಗೆ ದೊಡ್ಡ ಅವಕಾಶ.

ಮೊದಲ ತಪಾಸಣೆ, ಬಯಾಪ್ಸಿಗೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ ಹತ್ತಿರದ ಸರ್ಕಾರಿ ಬಾಗಿಲು. ವಿಕಿರಣ ಚಿಕಿತ್ಸೆಯ ವಿಷಯಕ್ಕೆ ಬಂದರೆ, 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಮತ್ತು ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಈ ಭಾಗದ ಜನರಿಗೆ ಬಹುಕಾಲದಿಂದ ಪರಿಚಿತ. ಹರಿಹರ, ದಾವಣಗೆರೆ ಎರಡೂ ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದಲ್ಲೇ ಇವೆ. ಚಿಕಿತ್ಸೆಗೆ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ಮತ್ತು ಜೊತೆಗಿರುವ ಒಬ್ಬರಿಗೆ ರೈಲ್ವೆ ದರದಲ್ಲಿ ರಿಯಾಯಿತಿ ಇದೆ. ಇದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ಕೇಂದ್ರ ಆಯ್ಕೆ ಮಾಡುವಾಗ ಗಮನಿಸಬೇಕಾದ ಮೊದಲ ಅಂಶ ಯಂತ್ರದ ಹೊಳಪಲ್ಲ. ಹೊರ ಮತ್ತು ಒಳ ವಿಕಿರಣ ಎರಡೂ ಅಲ್ಲಿ ಲಭ್ಯವಿವೆಯೇ ಎಂಬುದು. ಲೀನಿಯರ್ ಆಕ್ಸಲರೇಟರ್ ಇದ್ದು ಬ್ರೇಕಿಥೆರಪಿ ಇಲ್ಲದ ಕೇಂದ್ರಗಳೂ ದೇಶದಲ್ಲಿವೆ. ಹೊರ ವಿಕಿರಣವನ್ನು ಹತ್ತಿರದಲ್ಲಿ, ಒಳ ವಿಕಿರಣವನ್ನು ದೂರದ ಊರಿನಲ್ಲಿ ಪಡೆಯುವುದು ತಪ್ಪೇನಲ್ಲ. ಆದರೆ ಒಳ ವಿಕಿರಣದ ದಿನಾಂಕವನ್ನು ಹೊರ ವಿಕಿರಣ ಮುಗಿದ ಮೇಲಲ್ಲ, ಆರಂಭವಾದ ವಾರದಲ್ಲೇ ಕಾಯ್ದಿರಿಸಬೇಕು. ಇಲ್ಲದಿದ್ದರೆ ಸರದಿಗೆ ಕಾಯುವುದರಲ್ಲೇ 56 ದಿನ ಕಳೆದುಹೋಗುತ್ತವೆ.

ಖರ್ಚಿನ ವಿಷಯದಲ್ಲಿ, 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ವಿಕಿರಣ ಚಿಕಿತ್ಸೆಯೂ ಇದರ ವ್ಯಾಪ್ತಿಯಲ್ಲಿದೆ. ಕೂಲಿ ನಷ್ಟ, ಊಟ, ವಾಸ್ತವ್ಯದ ಖರ್ಚು ಮಾತ್ರ ಕುಟುಂಬದ ಮೇಲೇ ಬೀಳುತ್ತದೆ. ಚಿಕಿತ್ಸೆ ಅರ್ಧಕ್ಕೆ ನಿಲ್ಲಲು ಈ ಲೆಕ್ಕಕ್ಕೆ ಸಿಗದ ಖರ್ಚೇ ದೊಡ್ಡ ಕಾರಣ.

ವಾರಕ್ಕೊಮ್ಮೆ ಕಿಮೊಥೆರಪಿ

ಹೊರ ವಿಕಿರಣದ ಅವಧಿಯಲ್ಲಿ ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಔಷಧವನ್ನು ರಕ್ತನಾಳದ ಮೂಲಕ ಕೊಡಲಾಗುತ್ತದೆ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 40 ಮಿಲಿಗ್ರಾಂ, ಸಾಮಾನ್ಯವಾಗಿ ಐದು ಬಾರಿ. ಇದು ವಿಕಿರಣದ ಪರಿಣಾಮವನ್ನು ಹೆಚ್ಚಿಸುತ್ತದೆ. ಐದು ಪ್ರಯೋಗಗಳ ಫಲಿತಾಂಶ ಆಧರಿಸಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1999ರಲ್ಲಿ ವೈದ್ಯರಿಗೆ ವಿಶೇಷ ಸೂಚನೆ ಹೊರಡಿಸಿದ ನಂತರ ಈ ಪದ್ಧತಿ ವಿಶ್ವದಾದ್ಯಂತ ಹರಡಿತು.

ಅಪೌಷ್ಟಿಕತೆ, ರಕ್ತಹೀನತೆ ಸಾಮಾನ್ಯವಾಗಿರುವ ಭಾರತೀಯ ಮಹಿಳೆಯರಿಗೆ ಇದು ಒಗ್ಗುತ್ತದೆಯೇ ಎಂಬ ಅನುಮಾನ ಬಹುಕಾಲ ಇತ್ತು. ಟಾಟಾ ಸ್ಮಾರಕ ಆಸ್ಪತ್ರೆ ಮೂರನೇ ಹಂತದ 850 ಮಹಿಳೆಯರಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅನುಮಾನ ನಿವಾರಿಸಿತು. ವಿಕಿರಣ ಮಾತ್ರ ಪಡೆದವರಲ್ಲಿ ಐದು ವರ್ಷ ಬದುಕುಳಿದವರು ಶೇ 46. ಸಿಸ್ಪ್ಲಾಟಿನ್ ಜೊತೆಗೆ ಪಡೆದವರಲ್ಲಿ ಶೇ 54. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಮಾತ್ರ ಈ ಔಷಧ ಸಲ್ಲದು.

ಮುಖ್ಯ ಚಿಕಿತ್ಸೆಗೂ ಮುನ್ನ ಆರು ವಾರ ಕಾರ್ಬೊಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಕೊಟ್ಟರೆ ಇನ್ನಷ್ಟು ಲಾಭವಿದೆ ಎಂದು 2024ರಲ್ಲಿ ಪ್ರಕಟವಾದ ‘ಇಂಟರ್‌ಲೇಸ್’ ಅಧ್ಯಯನ ತಿಳಿಸಿದೆ. ಭಾರತವೂ ಭಾಗಿಯಾಗಿದ್ದ, 500 ಮಹಿಳೆಯರ ಈ ಅಧ್ಯಯನದಲ್ಲಿ ಐದು ವರ್ಷದ ಬದುಕುಳಿಯುವಿಕೆ ಶೇ 72ರಿಂದ 80ಕ್ಕೆ ಏರಿತು. ಎರಡೂ ಔಷಧಗಳು ಹಳೆಯವು. ಹೊಸ ಔಷಧಗಳಂತೆ ಕೈಗೆಟುಕದ ಬೆಲೆಯವಲ್ಲ.

ಮೂರು ವಾರಗಳಲ್ಲಿ ಮುಗಿಯಬಹುದೇ?

ಸ್ತನ ಕ್ಯಾನ್ಸರ್‌ನಲ್ಲಿ ಐದು ವಾರಗಳ ವಿಕಿರಣವನ್ನು ಮೂರು ವಾರಕ್ಕೆ ಇಳಿಸಿರುವುದು ಈಗ ಸಾಮಾನ್ಯ ಪದ್ಧತಿ. ಗರ್ಭಕಂಠದಲ್ಲೂ ಸುಮಾರು 40 ಗ್ರೇಯನ್ನು 15 ಅಥವಾ 16 ಕಂತುಗಳಲ್ಲಿ ಕೊಡುವ ಪ್ರಯೋಗಗಳನ್ನು ವಿದೇಶಗಳಲ್ಲಿ ಕೈಗೊಳ್ಳಲಾಗಿದೆ. 15 ಕಂತುಗಳ ಲೆಕ್ಕದಲ್ಲಿ ಗಡ್ಡೆಗೆ ಸಿಗುವ ಸಮಾನ ಪ್ರಮಾಣ 42.2 ಗ್ರೇ (ಐದು ವಾರದ ಪದ್ಧತಿಯಲ್ಲಿ 44.3), ಕರುಳಿನ ಪಾಲು 45.3 (ಐದು ವಾರದ ಪದ್ಧತಿಯಲ್ಲಿ 43.2). ಗಡ್ಡೆಗೆ ತುಸು ಕಡಿಮೆ, ಕರುಳಿಗೆ ತುಸು ಹೆಚ್ಚು. ಸ್ತನದ ಸುತ್ತ ಕರುಳಿಲ್ಲ, ಕಿಬ್ಬೊಟ್ಟೆಯ ತುಂಬ ಕರುಳಿದೆ. ಜೊತೆಗೆ ಸಿಸ್ಪ್ಲಾಟಿನ್ ಐದರ ಬದಲು ಮೂರೇ ಬಾರಿ ಸಿಗುತ್ತದೆ. ಹತ್ತು ದಿನಗಳ ಪ್ರಯಾಣ ಉಳಿಯುವುದು ಬಡ ಕುಟುಂಬಕ್ಕೆ ದೊಡ್ಡ ಆಸೆಯೇ ಹೌದಾದರೂ ದೀರ್ಘಕಾಲದ ಫಲಿತಾಂಶ ಬರುವವರೆಗೆ ಐದು ವಾರಗಳ ಪದ್ಧತಿಯೇ ಮಾನದಂಡ.

ಅಡ್ಡಪರಿಣಾಮಗಳು

ಎರಡನೇ–ಮೂರನೇ ವಾರದಿಂದ ಭೇದಿ, ಮೂತ್ರ ಉರಿ, ಸುಸ್ತು ಕಾಣಿಸಿಕೊಳ್ಳುತ್ತವೆ. ಇವು ತಾತ್ಕಾಲಿಕ, ಔಷಧಗಳಿಂದ ಹತೋಟಿಗೆ ಬರುತ್ತವೆ. ಭೇದಿಗೆ ಹೆದರಿ ಮನೆಯಲ್ಲೇ ಉಳಿಯುವುದಕ್ಕಿಂತ ಅಂದೇ ವೈದ್ಯರಿಗೆ ಹೇಳುವುದು ಒಳ್ಳೆಯದು. ಮುಟ್ಟು ಶಾಶ್ವತವಾಗಿ ನಿಲ್ಲುತ್ತದೆ. ತಿಂಗಳುಗಳ ನಂತರ ಯೋನಿ ಕಿರಿದಾಗಬಹುದು. ಇದನ್ನು ತಡೆಯುವ ಸರಳ ಸಾಧನಗಳಿವೆ, ಕೇಳಲು ಸಂಕೋಚ ಬೇಡ. ಕೆಲವರಲ್ಲಿ ವರ್ಷದ ನಂತರ ಮಲದಲ್ಲಿ ಅಥವಾ ಮೂತ್ರದಲ್ಲಿ ರಕ್ತ ಕಾಣಬಹುದು. ಆಗ ಚಿಕಿತ್ಸೆ ಕೊಟ್ಟ ಕೇಂದ್ರಕ್ಕೇ ಮರಳಿ ತೋರಿಸಬೇಕು. ವಿಕಿರಣ ಪಡೆದ ಮಹಿಳೆಯಿಂದ ಮನೆಯ ಮಕ್ಕಳಿಗೆ ಯಾವ ಅಪಾಯವೂ ಇಲ್ಲ. ವಿಕಿರಣ ಮೂಲ ಯಂತ್ರಕ್ಕೆ ಮರಳುತ್ತದೆ, ದೇಹದಲ್ಲಿ ಉಳಿಯುವುದಿಲ್ಲ.

ಕೇಳಬೇಕಾದ ಪ್ರಶ್ನೆಗಳು

* ರೋಗ ಯಾವ ಹಂತದಲ್ಲಿದೆ? ಚಿಕಿತ್ಸೆಯ ಗುರಿ ಗುಣಪಡಿಸುವುದೇ, ನೋವು–ರಕ್ತಸ್ರಾವ ತಗ್ಗಿಸುವುದೇ?
* ಹೊರ ವಿಕಿರಣ ಎಷ್ಟು ಕಂತು, ಒಳ ವಿಕಿರಣ ಎಷ್ಟು ಕಂತು? ಎರಡೂ ಸೇರಿ ಗಡ್ಡೆಗೆ ಸಿಗುವ ಸಮಾನ ಪ್ರಮಾಣ ಎಷ್ಟು?
* ಒಳ ವಿಕಿರಣ ಇಲ್ಲಿಯೇ ಇದೆಯೇ? ದಿನಾಂಕ ಈಗಲೇ ನಿಗದಿಯಾಗಿದೆಯೇ?
* ಎಲ್ಲವೂ ಎಂಟು ವಾರಗಳಲ್ಲಿ ಮುಗಿಯುತ್ತದೆಯೇ? ಯಂತ್ರ ಕೆಟ್ಟರೆ ಅಥವಾ ರಜೆ ಬಂದರೆ ಏನು ವ್ಯವಸ್ಥೆ?
* ವಾರದ ಕಿಮೊಥೆರಪಿ ಇದೆಯೇ? ಇಲ್ಲದಿದ್ದರೆ ಕಾರಣವೇನು?
* ರಕ್ತದ ಹಿಮೋಗ್ಲೋಬಿನ್ ಸಾಕಷ್ಟಿದೆಯೇ?

ಒಳ ವಿಕಿರಣವನ್ನು ಎರಡು ಕಂತುಗಳಲ್ಲಿ ಕೊಡುವುದಾಗಿ ಹೇಳಿದರೆ ಗಾಬರಿಯಾಗಬೇಕಿಲ್ಲ. ಗಡ್ಡೆ ಎಷ್ಟು ಕುಗ್ಗಿದೆ, ಒಟ್ಟು ಪ್ರಮಾಣ ಎಷ್ಟಾಗುತ್ತದೆ ಎಂದು ಕೇಳಿದರೆ ಸಾಕು. ನಾಲ್ಕು ಕಂತು ಎಂದರೆ ಕೊನೆಯ ಕಂತಿನ ದಿನಾಂಕ 56ರೊಳಗೆ ಬರುತ್ತದೆಯೇ ಎಂದು ಕ್ಯಾಲೆಂಡರ್ ನೋಡಿ ಖಚಿತಪಡಿಸಿಕೊಳ್ಳಬೇಕು. ಒಪ್ಪಲಾಗದ ವೇಳಾಪಟ್ಟಿ ಒಂದೇ: ಹೊರ ವಿಕಿರಣ ಮುಗಿಸಿ ಒಳ ವಿಕಿರಣ ಪಡೆಯದೆ ಊರಿಗೆ ಮರಳುವುದು. ರಕ್ತಸ್ರಾವ ನಿಂತಿರುತ್ತದೆ, ಹೊಟ್ಟೆನೋವು ಇಳಿದಿರುತ್ತದೆ, ಮುಖದಲ್ಲಿ ಕಳೆ ಬಂದಿರುತ್ತದೆ. ಆದರೆ ಲೆಕ್ಕದಲ್ಲಿ ಆಕೆ ಪಡೆದಿರುವುದು 84ರ ಪೈಕಿ 44 ಗ್ರೇ ಮಾತ್ರ.